ಅವ್ವ ನಿಲ್ಲಿಸಿದ್ದ ಎಮ್ಮೆ ಹಾಡು

ಒಲೆಯ ಮೇಲೆ ಹಾಲು ಉಕ್ಕಿ, ಮಕ್ಕಳ ಜಗಳ ಮುಗಿಲು ಮುಟ್ಟಿ, ಮೇಲಿಂದ ನೆಂಟರ ಕೊಂಕು ಮಾತೂ ಸೇರಿ ತಲೆ ಚಿಟ್ಟು ಹಿಡಿದಾಗ ನೀವೇನು ಮಾಡುತ್ತೀರಿ? ನಾನಂತೂ ಮೆಲ್ಲಗೆ ಒಂದು ಹಾಡು ಗುನುಗುತ್ತೇನೆ. ದೇವರನಾಮವಲ್ಲ, ಎಮ್ಮೆ ಹಾಡು! ನಗಬೇಡಿ, ಮುಂದೆ ಓದಿ.

'ಸಂಪತ್ತಿಗೆ ಸವಾಲ್' ಚಿತ್ರ ಬಂದದ್ದು 1974ರಲ್ಲಿ. ಪಿ.ಬಿ. ಧುತ್ತರಗಿಯವರ ನಾಟಕವೇ ಚಿತ್ರವಾಯಿತು. ಜಂಬದ ಹುಡುಗಿಯಾಗಿ ಮಂಜುಳಾ, ಹಳ್ಳಿಯ ಭದ್ರನಾಗಿ ರಾಜಕುಮಾರ್. ಎಮ್ಮೆಯ ಬೆನ್ನೇರಿ ಭದ್ರ ಹಾಡುವ ದೃಶ್ಯವನ್ನು ಯಾರು ತಾನೇ ಮರೆತಾರು? ಯಾರು ಏನೇ ಗದ್ದಲ ಮಾಡಲಿ, ಎಮ್ಮೆ ತನ್ನ ಪಾಡಿಗೆ ತಾನು ಹಾಯಾಗಿರುತ್ತದಲ್ಲ, ಅದೇ ಆ ಹಾಡಿನ ತಿರುಳು. ಬರೆದವರು ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್. ಅಲ್ಲಿಯವರೆಗೆ ರಾಜಣ್ಣನಿಗೆ ಹೆಚ್ಚಾಗಿ ಕಂಠ ಕೊಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. ಈ ಹಾಡು ಮನೆಮಾತಾದ ಮೇಲೆ ರಾಜಣ್ಣ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಮುಂದೆ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ನನ್ನ ತವರು ಹನೂರು ಸೀಮೆಯ ಅಜ್ಜೀಪುರ. ರಾಜಣ್ಣನ ತಂದೆ ಪುಟ್ಟಸ್ವಾಮಯ್ಯನವರ ಸಿಂಗಾನಲ್ಲೂರೂ ನಮ್ಮ ಕೊಳ್ಳೇಗಾಲದ ಕಡೆಯದೇ. ಹಾಗಾಗಿ ನಮ್ಮವ್ವನಿಗೆ ಅವರು ಸಿನಿಮಾದವರಲ್ಲ, ಒಡಹುಟ್ಟಿದ ಅಣ್ಣ. ಟೆಂಟಿನಲ್ಲಿ ಆ ಚಿತ್ರ ನೋಡಿ ಬಂದಾಗಿನಿಂದ ಅವ್ವ ಹಾಲು ಕರೆಯುವಾಗೆಲ್ಲ ಅದೇ ಹಾಡು. ಹಾಡಿದರೇ ನಮ್ಮ ಕರಿಯಮ್ಮ ಸರಾಗವಾಗಿ ಹಾಲು ಕೊಡುವುದು ಎಂದು ಅವ್ವನ ನಂಬಿಕೆ. ಕರಿಯಮ್ಮ ಸತ್ತ ಮೇಲೆ ಅದರ ಮಗಳಿಗೂ ಅದೇ ಹಾಡು.

2000ನೇ ಇಸವಿಯಲ್ಲಿ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನ ತೋಟದ ಮನೆಯಿಂದ ರಾಜಣ್ಣನನ್ನು ಕಾಡಿಗೆ ಎಳೆದೊಯ್ದ. ಆಗ ಅವರಿಗೆ ವಯಸ್ಸು 71. ದೂರದ ಊರಿನವರಿಗೆ ಅದು ಪತ್ರಿಕೆಯ ಸುದ್ದಿ. ಸೌದೆಗೆ ಹೋಗಲೂ ಎದೆ ಡವಗುಟ್ಟುತ್ತಿದ್ದ ನಮಗೆ ಆ ಕಾಡು ಎಂಥದೆಂದು ಗೊತ್ತಿತ್ತು.

ಮರುದಿನದಿಂದ ಕೊಟ್ಟಿಗೆಯಲ್ಲಿ ಹಾಡಿಲ್ಲ. ಚೊಂಬಿಗೆ ಬೀಳುವ ಹಾಲಿನ ಸದ್ದು ಮಾತ್ರ. "ಯಾಕವ್ವಾ ಹಾಡು ನಿಲ್ಸ್‌ಬುಟ್ಟೆ?" ಎಂದೆ.

"ಅಣ್ಣ ಕಾಡ್ನಲ್ಲಿ ಉಂಡ್ನೋ ಉಪಾಸ್ವೋ, ಮಂಡಿ ನೋವು ಬ್ಯಾರೆ. ನಾ ಎಂಗವ್ವಾ ಹಾಡ್ಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪ್ರತಿ ಸೋಮವಾರ ಮಾದಪ್ಪನಿಗೆ ದೀಪ ಹಚ್ಚಿ ಒಪ್ಪೊತ್ತು ಇರುತ್ತಿದ್ದಳು.

ಸೆಪ್ಟೆಂಬರಿನಲ್ಲಿ ನನಗೆ ಹೆಣ್ಣು ಮಗುವಾಯಿತು. ಕೂಸು ಎಷ್ಟು ರಚ್ಚೆ ಹಿಡಿದರೂ ಅವ್ವ ಬೇರೆ ಯಾವ ಯಾವುದೋ ಪದ ಹೇಳಿ ತೂಗಿದಳೇ ಹೊರತು ಎಮ್ಮೆ ಹಾಡಿನ ಸುದ್ದಿಗೆ ಹೋಗಲಿಲ್ಲ. ಬರೀ ಹಾಡಿಗೆ ಇಷ್ಟೊಂದು ಹಟವೇ ಎಂದು ನನಗೆ ಸಿಟ್ಟೂ ಬಂದಿತ್ತು.

108 ದಿನಗಳ ನಂತರ, ನವೆಂಬರ್ 15ರಂದು, ರಾಜಣ್ಣ ಬಿಡುಗಡೆಯಾದರು. ಸುದ್ದಿ ತಿಳಿದೊಡನೆ ಅವ್ವ ಮಾದಪ್ಪನ ಪಟಕ್ಕೆ ಕೈಮುಗಿದು, ಚೊಂಬು ಹಿಡಿದು ಕೊಟ್ಟಿಗೆಗೆ ಹೋದಳು. ಸ್ವಲ್ಪ ಹೊತ್ತಿಗೆ ಹಾಡು ಕೇಳಿಸಿತು. ದನಿ ನಡುಗುತ್ತಿತ್ತು. ಬಾಣಂತಿ ಕೋಣೆಯಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಅತ್ತೆ.

ಎಮ್ಮೆಯ ಹಾಗೆ ಇದ್ದುಬಿಡಬೇಕು ಎಂದರೆ ಯಾವುದಕ್ಕೂ ಕರಗದೆ ಇರುವುದು ಎಂದು ತಿಳಿದಿದ್ದೆ. ಅವ್ವ ಹಾಗಿರಲಿಲ್ಲ ನೋಡಿ. ಊರವರ ಮಾತಿಗೆ ಅವಳು ಎಮ್ಮೆ; ಇನ್ನೊಬ್ಬರ ಸಂಕಟಕ್ಕೆ ಮಾತ್ರ ಬೆಣ್ಣೆ. ಸಂಸಾರ ಮಾಡುವ ನಮಗೆ ಎರಡೂ ಬೇಕು, ಅಲ್ಲವೇ?

ರಾಜಣ್ಣ 2006ರ ಏಪ್ರಿಲ್ 12ರಂದು ತೀರಿಕೊಂಡರು. ಈಗ ಅವ್ವನೂ ಇಲ್ಲ, ಕೊಟ್ಟಿಗೆಯೂ ಇಲ್ಲ. ನಮ್ಮ ಮನೆಗೆ ಬರುವುದು ಪಾಕೆಟ್ ಹಾಲು. ಆದರೆ ಆ ಕೂಸು ಬೆಳೆದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ಆಫೀಸಿನಲ್ಲಿ ಬೇಸರವಾದ ದಿನ ಫೋನು ಮಾಡಿ, "ಅಮ್ಮಾ, ಅಜ್ಜಿ ಹಾಡು ಹೇಳು" ಅನ್ನುತ್ತಾಳೆ. ಕುಕ್ಕರ್ ಕೂಗುತ್ತಿದ್ದರೂ ನಿಂತಲ್ಲೇ ಹಾಡುತ್ತೇನೆ.

ನಿಮ್ಮ ಅವ್ವ ಕೆಲಸ ಮಾಡುತ್ತಾ ಯಾವ ಹಾಡು ಹಾಡುತ್ತಿದ್ದರು? ಅವರಿದ್ದರೆ ಇವತ್ತೇ ಒಮ್ಮೆ ಹಾಡಿಸಿ ಕೇಳಿ.