ಸ್ಥಾಲೀಪುಲಾಕನ್ಯಾಯವೂ ಅಂತರ್ಜಾಲದ ಸಮೀಕ್ಷೆಯೂ

ಬೇಯುತ್ತಿರುವ ಅನ್ನದ ಪಾತ್ರೆಯಿಂದ ಒಂದು ಅಗುಳನ್ನು ತೆಗೆದು ಹಿಚುಕಿ ನೋಡಿ, ಇಡಿಯ ಅನ್ನವು ಬೆಂದಿತೋ ಇಲ್ಲವೋ ಎಂದು ನಿರ್ಣಯಿಸುವ ಕ್ರಮಕ್ಕೆ ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಹೆಸರಿಟ್ಟಿದ್ದಾರೆ. ಸ್ಥಾಲಿಯೆಂದರೆ ಪಾತ್ರೆ, ಪುಲಾಕವೆಂದರೆ ಅಗುಳು. ಅಲ್ಪವನ್ನು ಪರೀಕ್ಷಿಸಿ ಅಖಂಡವನ್ನು ಅನುಮಾನಿಸುವ ಈ ವಿಧಾನವೇ ಇಂದಿನ ಸಮಾಜವಿಜ್ಞಾನಿಗಳು ನಡೆಸುವ ಮಾದರಿ ಸಮೀಕ್ಷೆಗಳಿಗೂ ಆಧಾರವಾಗಿದೆ. ಆದರೆ ಈ ನ್ಯಾಯದ ಒಡಲಲ್ಲಿ ಒಂದು ನಿಬಂಧನೆ ಅಡಗಿದೆ. ಉರಿಯು ಪಾತ್ರೆಯ ತಳಕ್ಕೆಲ್ಲ ಸಮನಾಗಿ ತಾಗಿರಬೇಕು. ಇಲ್ಲವೇ ಅಗುಳನ್ನು ಪಾತ್ರೆಯ ಎಲ್ಲ ಮಗ್ಗುಲುಗಳಿಂದಲೂ ತೆಗೆದಿರಬೇಕು. ಉರಿ ಹತ್ತಿದ ಒಂದೇ ಮಗ್ಗುಲಿನಿಂದ ನೂರು ಅಗುಳು ತೆಗೆದು ನೋಡಿದರೂ ಇನ್ನೊಂದು ಮಗ್ಗುಲಿನ ಅಕ್ಕಿಯ ಸ್ಥಿತಿ ತಿಳಿಯದು. ಅಂತರ್ಜಾಲದ ಮೂಲಕ ನಡೆಯುವ ಸಮೀಕ್ಷೆಗಳ ಗುಣದೋಷವೆಲ್ಲ ಬಹುಮಟ್ಟಿಗೆ ಈ ನಿಬಂಧನೆಯಲ್ಲಿಯೇ ಇದೆಯೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ಶಿಕ್ಷಕ ಬಂಧುಗಳಿಗೆ ಸಮೀಕ್ಷೆಯೆಂಬುದು ಅಪರಿಚಿತವಲ್ಲ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ನಮ್ಮ ನಾಡಿನ ಶಿಕ್ಷಕರು ಕೈಯಲ್ಲಿ ಮೊಬೈಲ್ ಹಿಡಿದು ಮನೆಮನೆಯ ಬಾಗಿಲಿಗೆ ಹೋದರು. ಆದರೆ ಅದು ಎಲ್ಲ ಮನೆಗಳನ್ನೂ ಮುಟ್ಟಬೇಕೆಂಬ ಉದ್ದೇಶದ ಗಣತಿಯಾಗಿತ್ತು. ನಾವಿಲ್ಲಿ ಹೇಳಹೊರಟಿರುವುದು ಬೇರೆ ಬಗೆ: ಕೆಲವರನ್ನು ಮಾತ್ರ ಕೇಳಿ ಎಲ್ಲರ ವಿಷಯವನ್ನು ಹೇಳುವುದು, ಅದನ್ನೂ ಯಾರೂ ಬಾಗಿಲಿಗೆ ಹೋಗದೆ ಅಂತರ್ಜಾಲದಲ್ಲಿಯೇ ನಡೆಸುವುದು. ಗೂಗಲ್ ಫಾರ್ಮ್ಸ್, ಲೈಮ್‌ಸರ್ವೆ ಮೊದಲಾದ ಉಪಕರಣಗಳಿಂದ ಅರ್ಧ ಗಂಟೆಯೊಳಗೆ ಪ್ರಶ್ನಾವಳಿಯನ್ನು ಸಿದ್ಧಪಡಿಸಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಸಂಜೆಯ ವೇಳೆಗೆ ಐನೂರು ಉತ್ತರಗಳು ಬಂದು ಬೀಳುತ್ತವೆ. ಬಣ್ಣಬಣ್ಣದ ಚಕ್ರಚಿತ್ರಗಳೂ ತಾವಾಗಿ ಮೂಡುತ್ತವೆ. ಅಪಾಯವಿರುವುದು ಈ ಸೌಲಭ್ಯದಲ್ಲಿಯೇ.

ಸಂಖ್ಯೆಯ ದೊಡ್ಡಸ್ತಿಕೆಗೆ ಮರುಳಾಗುವುದು ಅಂತರ್ಜಾಲಕ್ಕಿಂತ ಹಳೆಯ ರೋಗ. 1936ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಮುನ್ನ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆಯು ಸುಮಾರು ಒಂದು ಕೋಟಿ ಮಂದಿಗೆ ಅಂಚೆಯ ಮೂಲಕ ಮತಪತ್ರಗಳನ್ನು ಕಳುಹಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳ ಆಧಾರದ ಮೇಲೆ ಲ್ಯಾಂಡನ್ ಎಂಬ ಅಭ್ಯರ್ಥಿಯು ಗೆಲ್ಲುವನೆಂದು ಪತ್ರಿಕೆ ಸಾರಿತು. ನಡೆದದ್ದು ಇದಕ್ಕೆ ಪೂರ್ತಿ ವಿರುದ್ಧ: ರೂಸ್‌ವೆಲ್ಟ್ ಅವರು ಶೇಕಡಾ 61ರಷ್ಟು ಮತಗಳನ್ನು ಪಡೆದು, 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆಯು ಹೆಸರುಗಳನ್ನು ಬಹುಮಟ್ಟಿಗೆ ಆರಿಸಿಕೊಂಡದ್ದು ದೂರವಾಣಿ ಪುಸ್ತಕಗಳಿಂದ ಮತ್ತು ಮೋಟಾರು ವಾಹನಗಳ ನೋಂದಣಿ ಪಟ್ಟಿಗಳಿಂದ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಇವೆರಡೂ ಉಳ್ಳವರ ಸೊತ್ತು. ಮತಪತ್ರ ತಲುಪಿಯೂ ಉತ್ತರಿಸದೆ ಉಳಿದವರ ಒಲವು ಉತ್ತರಿಸಿದವರ ಒಲವಿಗಿಂತ ಬೇರೆಯಾಗಿತ್ತೆಂಬುದನ್ನೂ ಅನಂತರದ ಸಂಶೋಧಕರು ತೋರಿಸಿದ್ದಾರೆ. ಅದೇ ಚುನಾವಣೆಯಲ್ಲಿ ಗ್ಯಾಲಪ್ ಅವರು ಎಷ್ಟೋ ಪಾಲು ಚಿಕ್ಕದಾದ ಮಾದರಿಯಿಂದ ಗೆಲ್ಲುವವರನ್ನು ಸರಿಯಾಗಿ ಹೇಳಿದರು. ಪತ್ರಿಕೆಯು 1938ರಲ್ಲಿ ನಿಂತುಹೋಯಿತು.

ಅದು ಅಂಚೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಎಂಬತ್ತೈದು ವರ್ಷಗಳ ತರುವಾಯ ಅದೇ ದೇಶದಲ್ಲಿ ಅದೇ ಕಥೆ ಮರುಕಳಿಸಿತು. 2021ರಲ್ಲಿ ಕೊರೋನಾ ಲಸಿಕೆಯನ್ನು ಎಷ್ಟು ಜನ ಪಡೆದಿದ್ದಾರೆಂದು ತಿಳಿಯಲು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು ಫೇಸ್‌ಬುಕ್ ಬಳಕೆದಾರರ ನಡುವೆ ನಡೆಸಿದ ಸಮೀಕ್ಷೆಗೆ ವಾರವೊಂದಕ್ಕೆ ಸುಮಾರು ಎರಡೂವರೆ ಲಕ್ಷ ಉತ್ತರಗಳು ಬರುತ್ತಿದ್ದವು. ಆ ವರ್ಷದ ಮೇ ತಿಂಗಳ ಹೊತ್ತಿಗೆ ಅದರ ಅಂದಾಜು ಸರ್ಕಾರಿ ದಾಖಲೆಗಿಂತ ಶೇಕಡಾವಾರು 17 ಅಂಶಗಳಷ್ಟು ಹೆಚ್ಚಾಗಿತ್ತೆಂದು ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧವು ತೋರಿಸಿದೆ. ಅದೇ ಕಾಲದಲ್ಲಿ ಕೇವಲ ಸಾವಿರ ಜನರನ್ನು ಕೇಳಿದ ಇನ್ನೊಂದು ಸಮೀಕ್ಷೆ ಸತ್ಯಕ್ಕೆ ಸಮೀಪದಲ್ಲಿತ್ತು. ಅದೂ ಅಂತರ್ಜಾಲದಲ್ಲಿಯೇ ನಡೆದದ್ದು ಗಮನಾರ್ಹ. ಭೇದವಿಷ್ಟೆ: ಆ ಸಾವಿರ ಮಂದಿಯ ಆಯ್ಕೆಯಾಗಿದ್ದುದು ಮನೆವಿಳಾಸಗಳ ಪಟ್ಟಿಯಿಂದ, ಅಂತರ್ಜಾಲವಿಲ್ಲದ ಮನೆಗೆ ಅದರ ಸೌಲಭ್ಯವನ್ನೂ ಒದಗಿಸಲಾಗಿತ್ತು. ನೆದರ್ಲೆಂಡ್ಸ್ ದೇಶದಲ್ಲಿ 2007ರಿಂದ ನಡೆದುಬಂದಿರುವ ಲಿಸ್ ಎಂಬ ಸಮೀಕ್ಷಾ ಬಳಗದ್ದೂ ಇದೇ ಮಾರ್ಗ. ಸುಮಾರು 5,000 ಕುಟುಂಬಗಳನ್ನು ಜನಸಂಖ್ಯಾ ದಾಖಲೆಯಿಂದ ಚೀಟಿಯೆತ್ತಿದಂತೆ ಆರಿಸಿ, ಗಣಕಯಂತ್ರವಿಲ್ಲದವರಿಗೆ ಅದನ್ನು ಕೊಟ್ಟು ಸೇರಿಸಿಕೊಂಡರು. ಆದುದರಿಂದ ದೋಷವು ಅಂತರ್ಜಾಲದ್ದಲ್ಲ. ಬಾಗಿಲು ತೆರೆದಿಟ್ಟು, ಒಳಬಂದವರನ್ನೇ ಊರೆಂದು ಭಾವಿಸುವುದರದು.

ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಹೇಳುವ ಅವ್ಯಾಪ್ತಿ ಮತ್ತು ಅತಿವ್ಯಾಪ್ತಿ ದೋಷಗಳನ್ನು ಬಲ್ಲವರಿಗೆ ಈ ವಿಷಯ ಸುಲಭವಾಗಿ ಮನದಟ್ಟಾಗುತ್ತದೆ. ಒಳಗಿರಬೇಕಾದವರು ಹೊರಗುಳಿದರೆ ಅವ್ಯಾಪ್ತಿ. ಭಾರತದಲ್ಲಿ ಇದು ಸಣ್ಣ ಮಾತಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಮ್ಮೆಯಾದರೂ ಅಂತರ್ಜಾಲವನ್ನು ಬಳಸಿದ್ದ ಗಂಡಸರು ಶೇಕಡಾ 57, ಹೆಂಗಸರು ಶೇಕಡಾ 33 ಮಾತ್ರ. ಅಂದಿನಿಂದ ಬಳಕೆ ಹಬ್ಬಿದೆಯೆಂಬುದು ನಿಜವಾದರೂ, ಮನೆಗೊಂದೇ ಇರುವ ಮೊಬೈಲ್ ಯಾರ ಕೈಯಲ್ಲಿರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿರಬೇಕಾದವರು ಒಳಹೊಕ್ಕರೆ ಅತಿವ್ಯಾಪ್ತಿ: ಒಬ್ಬನೇ ಮೂರು ಬಾರಿ ಉತ್ತರಿಸುವುದು, ಬಹುಮಾನದ ಆಸೆಗೆ ಕಣ್ಣುಮುಚ್ಚಿ ಗುರುತು ಹಾಕುವುದು, ಮನುಷ್ಯನ ಹೆಸರಿನಲ್ಲಿ ಯಂತ್ರವೇ ಉತ್ತರ ತುಂಬುವುದು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2022ರಲ್ಲಿ ಇಂತಹ ತೆರೆದ ಸಮೀಕ್ಷೆಯೊಂದರಲ್ಲಿ, ಒಂದು ವರ್ಗದ ಜಲಾಂತರ್ಗಾಮಿ ನೌಕೆಯನ್ನು ನಡೆಸುವ ಪರವಾನಗಿ ತಮಗಿದೆಯೇ ಎಂದು ಕೇಳಿನೋಡಿತು. ಮೂವತ್ತು ವರ್ಷದೊಳಗಿನವರಲ್ಲಿ ಶೇಕಡಾ 12 ಮಂದಿ ಇದೆಯೆಂದರು! ಅಷ್ಟು ನಾವಿಕರಿದ್ದಿದ್ದರೆ ಸಮುದ್ರದಲ್ಲಿ ನೀರಿಗೇ ಸ್ಥಳವಿರುತ್ತಿರಲಿಲ್ಲ.

ಇನ್ನು ನಮ್ಮ ವಾಚಕರಿಗೆ ಸಮೀಪವಾದ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಶಾಲೆಯ ಆಡಳಿತ ಮಂಡಳಿಯು ತನ್ನ ಹಳೆಯ ವಿದ್ಯಾರ್ಥಿಗಳು ಈಗ ಯಾವ ಸ್ಥಿತಿಯಲ್ಲಿದ್ದಾರೆ, ಓದನ್ನು ನಡುವೆ ಬಿಟ್ಟವರು ಏಕೆ ಬಿಟ್ಟರು ಎಂಬುದನ್ನು ತಿಳಿದು, ದಾನಿಗಳ ಹಣವನ್ನು ವಿದ್ಯಾರ್ಥಿನಿಲಯಕ್ಕೆ ವಿನಿಯೋಗಿಸಬೇಕೋ ಪ್ರಯೋಗಶಾಲೆಗೋ ಎಂದು ನಿರ್ಧರಿಸಬಯಸಿದೆ ಎಂದಿಟ್ಟುಕೊಳ್ಳಿ. ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಪ್ರಶ್ನಾವಳಿ ಕಳುಹಿಸಿದರೆ ಉತ್ತರಿಸುವವರು ಯಾರು? ಎಂಜಿನಿಯರರು, ವೈದ್ಯರು, ಉಪನ್ಯಾಸಕರು, ಪರದೇಶದಲ್ಲಿರುವವರು. ಎಂಟನೆಯ ತರಗತಿಯಲ್ಲಿ ಪುಸ್ತಕ ಮಡಿಚಿಟ್ಟು ಹೊಲಕ್ಕೆ ಹೋದವನು, ಮದುವೆಯಾಗಿ ಊರು ಬಿಟ್ಟವಳು ಆ ಗುಂಪಿನಲ್ಲಿಲ್ಲ. ಪ್ರಯೋಗಶಾಲೆಯೇ ಬೇಕೆಂದು ವರದಿ ಬರುತ್ತದೆ. ವಿದ್ಯಾರ್ಥಿನಿಲಯವಿಲ್ಲದ್ದರಿಂದಲೇ ಶಾಲೆ ಬಿಟ್ಟವರ ಮಾತು ಆ ವರದಿಯಲ್ಲಿ ಎಲ್ಲಿಂದ ಬರಬೇಕು?

ಸರಿಯಾದ ಮಾರ್ಗವು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿಯೇ ಇದೆ. ದಾಖಲಾತಿ ಪುಸ್ತಕದಲ್ಲಿ ಗೆದ್ದವರು, ಸೋತವರು, ಬಿಟ್ಟುಹೋದವರು ಎಲ್ಲರ ಹೆಸರೂ ಒಂದೇ ಶಾಯಿಯಲ್ಲಿವೆ. ಮೂವತ್ತು ವರ್ಷಗಳ 6,000 ಹೆಸರುಗಳಿದ್ದರೆ 400ನ್ನು ಆರಿಸಿದರೆ ಸಾಕು. 1ರಿಂದ 15ರ ವರೆಗಿನ ಚೀಟಿಗಳಲ್ಲಿ ಒಂದನ್ನು ಎತ್ತಿ, 8 ಬಂದರೆ 8, 23, 38 ಹೀಗೆ ಹದಿನೈದಕ್ಕೊಂದರಂತೆ ಗುರುತಿಸುತ್ತ ಹೋಗಬೇಕು. ಆರಿಸಿದವರೆಲ್ಲರೂ ಉತ್ತರಿಸಿದಲ್ಲಿ, ಇಂತಹ ಮಾದರಿಯಿಂದ ಬರುವ ಶೇಕಡಾವಾರು ಅಂಕಿಗಳು ನಿಜಕ್ಕಿಂತ ಸಾಮಾನ್ಯವಾಗಿ 5 ಅಂಶಗಳಿಗಿಂತ ಹೆಚ್ಚು ಆಚೀಚೆ ಸರಿಯುವುದಿಲ್ಲ. ಮೊಬೈಲ್ ಇರುವವರಿಗೆ ಅವರವರಿಗೇ ಮೀಸಲಾದ ಕೊಂಡಿಯನ್ನು ಕಳುಹಿಸಬೇಕು; ಒಂದು ಕೊಂಡಿಗೆ ಒಂದೇ ಉತ್ತರ. ವಾರಕ್ಕೊಮ್ಮೆಯಂತೆ ಎರಡು ಮೂರು ಜ್ಞಾಪನೆ ಸಲ್ಲಬೇಕು. ಉಳಿದವರಿಗೆ ದೂರವಾಣಿ, ಅದೂ ಇಲ್ಲದವರ ಊರಿಗೆ ಒಬ್ಬ ಶಿಕ್ಷಕರ ಪಯಣ. ಈ ಕಡೆಯ ಐವತ್ತು ಜನರಿಗಾಗಿ ಪಡುವ ಶ್ರಮವು ಮೊದಲ ಮುನ್ನೂರು ಉತ್ತರಗಳಿಗಿಂತ ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ. ಗುಂಪಿಗೆ ಎಸೆದ ಕೊಂಡಿಯಲ್ಲಿ ಎಷ್ಟು ಜನರನ್ನು ಕೇಳಿದೆವೆಂಬ ಲೆಕ್ಕವೇ ಇರದ ಕಾರಣ, ಎಷ್ಟು ಪಾಲು ಉತ್ತರ ಬಂತೆಂದು ಹೇಳುವುದೂ ಸಾಧ್ಯವಿಲ್ಲ.

ಪ್ರಶ್ನೆಗಳ ಭಾಷೆಯು ಪಂಡಿತರ ಕ್ಷೇತ್ರವಾದುದರಿಂದ ಇಲ್ಲಿ ತುಸು ನಿಲ್ಲಲು ಅಪ್ಪಣೆ ಬೇಡುತ್ತೇನೆ. ಪಕ್ಕದಲ್ಲಿ ಕುಳಿತು ಕೇಳುವವನು ಪ್ರಶ್ನೆ ಅರ್ಥವಾಗದಿದ್ದಲ್ಲಿ ಬಿಡಿಸಿ ಹೇಳಬಲ್ಲನು. ಅಂತರ್ಜಾಲದ ಪ್ರಶ್ನೆಗೆ ವ್ಯಾಖ್ಯಾನಕಾರನಿಲ್ಲ, ಮೂಲವೇ ನಿಃಸಂದಿಗ್ಧವಾಗಿರಬೇಕು. ಆಂಗ್ಲಭಾಷೆಯ ಪ್ರಶ್ನಾವಳಿಯನ್ನು ಯಥಾವತ್ತಾಗಿ ಕನ್ನಡಿಸುವವರು ಬಹಳ ಎಡವುವುದು ನಿಷೇಧವಾಕ್ಯಗಳಲ್ಲಿ. “ನೀವು ಶುಲ್ಕ ಕಟ್ಟಿರಲಿಲ್ಲವೇ?” ಎಂದಾಗ ಕನ್ನಡಿಗನು “ಹೌದು” ಎಂದರೆ ಕಟ್ಟಿರಲಿಲ್ಲವೆಂಬ ಮಾತು ನಿಜವೆಂದು ಅರ್ಥ. ಆಂಗ್ಲ ಪದ್ಧತಿಯಂತೆ ಎಣಿಸುವ ಸಂಶೋಧಕನು ಅದನ್ನು ಕಟ್ಟಿದವರ ಸಾಲಿಗೆ ಸೇರಿಸಿಬಿಡುತ್ತಾನೆ. “ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ?” ಎಂಬುದು ಗಂಡಸಿಗೆ ಕುಟುಂಬದ ಪ್ರಶ್ನೆ, ಗೃಹಿಣಿಗೆ ಗಂಡನ ಪ್ರಶ್ನೆ. ಮೈಸೂರು ಸೀಮೆಯವರು “ಬೆಳಗಿನ ತಿಂಡಿ” ಎಂದು ಬರೆದದ್ದನ್ನು ಧಾರವಾಡದ ಕಡೆ ಓದಿದವರು ನಕ್ಕಾರು. ಅಲ್ಲಿ ತಿಂಡಿಯೆಂದರೆ ತುರಿಕೆ, ಬೆಳಗಿನದು ನಾಷ್ಟಾ. “ಪಾಠ ಮತ್ತು ಊಟದ ವ್ಯವಸ್ಥೆ ತೃಪ್ತಿಕರವಾಗಿತ್ತೇ?” ಎಂಬಲ್ಲಿ ಪಾಠವನ್ನು ಮೆಚ್ಚಿ ಊಟವನ್ನು ಮೆಚ್ಚದವನು ಏನು ಬರೆಯಬೇಕು? “ಆಗಾಗ” ಎಂಬ ಪದವೂ ಅಷ್ಟೆ. ತಿಂಗಳಿಗೆಷ್ಟು ಬಾರಿ ಎಂದು ಕೇಳಿದರೆ ಉತ್ತರವನ್ನು ಎಣಿಸಬಹುದು.

ಪದವೊಂದರ ಬಲ ಎಷ್ಟೆಂಬುದಕ್ಕೆ 1941ರಲ್ಲಿ ಅಮೆರಿಕದಲ್ಲಿ ಡೊನಾಲ್ಡ್ ರಗ್ ಪ್ರಕಟಿಸಿದ ಪ್ರಯೋಗವೇ ಸಾಕ್ಷಿ. ಪ್ರಜಾಪ್ರಭುತ್ವದ ವಿರುದ್ಧ ಬಹಿರಂಗ ಭಾಷಣಗಳಿಗೆ ಅವಕಾಶ ಕೊಡಬೇಕೇ ಎಂದು ಒಂದು ಗುಂಪನ್ನು ಕೇಳಿದಾಗ ಶೇಕಡಾ 62 ಮಂದಿ ಕೊಡಬಾರದೆಂದರು. ಅದೇ ಭಾಷಣಗಳನ್ನು ನಿಷೇಧಿಸಬೇಕೇ ಎಂದು ಇನ್ನೊಂದು ಗುಂಪನ್ನು ಕೇಳಿದಾಗ ನಿಷೇಧಿಸಬೇಕೆಂದವರು ಶೇಕಡಾ 46 ಮಾತ್ರ. ಅರ್ಥ ಒಂದೇ, ಕಾಕು ಬೇರೆ.

ಹಾಗೆಂದು ಅಂತರ್ಜಾಲದ ಪ್ರಶ್ನಾವಳಿಗೆ ಗುಣವೇ ಇಲ್ಲವೆಂದಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳನ್ನೇ ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಓದಿನಲ್ಲಿ ತಾವು ಹಿಂದೆ ಬಿದ್ದುದನ್ನು ಅವರು ದೂರವಾಣಿಯಲ್ಲಿ ಕೇಳಿದವರೆದುರು ಒಪ್ಪಿಕೊಂಡದ್ದಕ್ಕಿಂತ ಅಂತರ್ಜಾಲದಲ್ಲಿ ಹೆಚ್ಚಾಗಿ ಒಪ್ಪಿಕೊಂಡರು; ವಿಶ್ವವಿದ್ಯಾಲಯದ ದಾಖಲೆಗಳೊಡನೆ ಹೋಲಿಸಿದಾಗ ಅವರು ಹೇಳಿದ್ದು ನಿಜವೆಂದೂ ಕಂಡುಬಂತು. ಮುಖ ಕಾಣದಿರುವಾಗ ಸಂಕೋಚ ಕಡಿಮೆ. ತಮಗೆ ಕಲಿಸಿದ ಮೇಷ್ಟ್ರೇ ಫೋನಿನಲ್ಲಿ “ಏಕಪ್ಪಾ ಶಾಲೆ ಬಿಟ್ಟೆ?” ಎಂದರೆ ನಮ್ಮಲ್ಲಿ ಯಾರು ತಾನೆ “ನಿಮ್ಮ ಬೆತ್ತಕ್ಕೆ ಹೆದರಿ” ಎಂದಾರು?

ತಾಂತ್ರಿಕ ವಿಷಯಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಪ್ರಶ್ನಾವಳಿ ಹತ್ತು ನಿಮಿಷ ಮೀರದಿರಲಿ. ಚಿಕ್ಕ ಮೊಬೈಲ್ ಪರದೆಯಲ್ಲಿ ಓದಿಸಿ ನೋಡಿರಿ. “ತಿಳಿಯದು”, “ನನಗೆ ಅನ್ವಯಿಸದು” ಎಂಬ ಉತ್ತರಗಳಿಗೂ ಸ್ಥಳವಿರಲಿ. ಎಲ್ಲ ಪ್ರಶ್ನೆಗಳಿಗೂ ಉತ್ತರಿಸಲೇಬೇಕೆಂದು ಬಲವಂತ ಮಾಡಿದರೆ ಜನರು ಸುಳ್ಳು ಗುರುತು ಹಾಕುತ್ತಾರೆ, ಇಲ್ಲವೇ ಮುಚ್ಚಿ ಹೋಗುತ್ತಾರೆ. ಬಹಿರಂಗಪಡಿಸುವ ಮೊದಲು ಹತ್ತಿಪ್ಪತ್ತು ಮಂದಿಯಿಂದ ಪೂರ್ವಪರೀಕ್ಷೆ ಮಾಡಿಸಬೇಕು. ಅವರಲ್ಲಿ ಕೆಲವರಾದರೂ ಹೆಚ್ಚು ಓದದವರಾಗಿರಬೇಕು. ಎರಡೇ ನಿಮಿಷದಲ್ಲಿ ಮುಗಿಸಿದ ಉತ್ತರಗಳನ್ನೂ ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿ ಗುರುತು ಹಾಕಿದವನ್ನೂ ಬೇರೆ ತೆಗೆದು ಪರಿಶೀಲಿಸತಕ್ಕದ್ದು.

ಉತ್ತರಿಸುವವನ ಒಪ್ಪಿಗೆಯನ್ನು ಮೊದಲ ಪುಟದಲ್ಲಿಯೇ ಪಡೆಯಬೇಕು: ಕೇಳುವವರು ಯಾರು, ಏತಕ್ಕೆ, ಉತ್ತರ ಯಾರ ಕೈ ಸೇರುತ್ತದೆ, ಬೇಡವೆಂದರೆ ಬಿಡಬಹುದೆಂಬ ಮಾತು. ಈಗ ಓದುತ್ತಿರುವ ಮಕ್ಕಳನ್ನು ಕೇಳುವುದಾದರೆ ಹೆತ್ತವರ ಅನುಮತಿ ಅಗತ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ.

ಕೊನೆಯದಾಗಿ ವರದಿ. ಎಷ್ಟು ಹೆಸರುಗಳನ್ನು ಎಲ್ಲಿಂದ ಆರಿಸಲಾಯಿತು, ಎಷ್ಟು ಮಂದಿ ಉತ್ತರಿಸಿದರು, ಯಾವ ದಿನಾಂಕಗಳಲ್ಲಿ, ಪ್ರಶ್ನೆಗಳ ಯಥಾವತ್ ಪಾಠವೇನು ಎಂಬಿಷ್ಟು ಮೊದಲ ಪುಟದಲ್ಲಿರಬೇಕು. ದಾನಿಗಳು ಚಕ್ರಚಿತ್ರವನ್ನು ನೋಡುವ ಮುನ್ನ ಇದನ್ನು ಕೇಳುವುದು ಅವರ ಹಕ್ಕು. ಉತ್ತರಗಳಿಂದ ಹೆಸರು ಮತ್ತು ದೂರವಾಣಿ ಸಂಖ್ಯೆಗಳನ್ನು ಬೇರ್ಪಡಿಸಿ ಅಳಿಸಿಬಿಡಬೇಕು. ತಲುಪಲಾಗದೆ ಉಳಿದವರ ಪಟ್ಟಿಯನ್ನು ಮಾತ್ರ ದಾಖಲಾತಿ ಪುಸ್ತಕದ ಜೊತೆಗೇ ಜೋಪಾನವಾಗಿಟ್ಟು, ಮುಂದಿನ ಸಲ ಊರೂರಿಗೆ ಹೊರಡುವ ಶಿಕ್ಷಕರ ಕೈಗೆ ಮೊದಲು ಕೊಡತಕ್ಕದ್ದು.