ಕಿಲೋ ದರಕ್ಕೆ ನಿಲುಕದ ಪ್ಲಾಸ್ಟಿಕ್

‘ಪ್ಲಾಸ್ಟಿಕ್’ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಚರಂಡಿ ಕಟ್ಟಿಸುವ ಕೈಚೀಲ. ಆದರೆ ಅದೇ ಕುಲದಲ್ಲಿ ಲೋಹಗಳೊಡನೆ ಸ್ಪರ್ಧೆಗಿಳಿಯುವ ವಸ್ತುವೊಂದಿದೆ. ಪಾಲಿಈಥರ್ ಈಥರ್ ಕೀಟೋನ್, ಸಂಕ್ಷಿಪ್ತವಾಗಿ ‘ಪೀಕ್’ ಎಂಬುದು ಅದರ ಹೆಸರು. 1978ರಲ್ಲಿ ಬ್ರಿಟನ್ನಿನ ಐಸಿಐ ಕಂಪೆನಿಯ ವಿಜ್ಞಾನಿಗಳು ಇದನ್ನು ಸಿದ್ಧಪಡಿಸಿದರು.

ನೀರು ಕುದಿಯುವ ಶಾಖಕ್ಕೇ ಹಲವು ಸಾಮಾನ್ಯ ಪ್ಲಾಸ್ಟಿಕ್‌ಗಳು ಮೆತ್ತಗಾಗುತ್ತವೆ. ಪೀಕ್ ಕರಗುವುದು 343 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸುಮಾರು 250 ಡಿಗ್ರಿ ಶಾಖದಲ್ಲಿಯೂ ಅದು ದೀರ್ಘಕಾಲ ದುಡಿಯಬಲ್ಲದು. ತೂಕದಲ್ಲಿ ಅದು ಅಷ್ಟೇ ಗಾತ್ರದ ಉಕ್ಕಿನ ಆರನೆಯ ಒಂದು ಭಾಗದಷ್ಟು. ಪ್ರಬಲ ಸಲ್ಫ್ಯೂರಿಕ್ ಆಮ್ಲದಂತಹ ಕೆಲವನ್ನು ಬಿಟ್ಟರೆ ಹೆಚ್ಚಿನ ರಾಸಾಯನಿಕಗಳು ಅದನ್ನು ಕೆಡಿಸಲಾರವು. ಆದ್ದರಿಂದಲೇ ತೈಲಬಾವಿಯ ಸೀಲುಗಳಿಗೆ, ಪಂಪಿನ ಬೇರಿಂಗುಗಳಿಗೆ, ವಿಮಾನದ ಬಿಡಿಭಾಗಗಳಿಗೆ ಅದು ಬೇಕಾಗಿದೆ.

ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಲ್ಲಿಯೂ ಇದಕ್ಕೆ ಸ್ಥಾನವುಂಟು. ಟೈಟಾನಿಯಂ ಮೂಳೆಗಿಂತ ಬಹಳ ಪೆಡಸು. ಇಂಗಾಲದ ಎಳೆ ಬೆರೆಸಿದ ಪೀಕ್‌ನ ಪೆಡಸುತನವನ್ನು ಮೂಳೆಯ ಸಮೀಪಕ್ಕೆ ತರಬಹುದು. ಎಕ್ಸ್-ರೇಗೆ ಅದು ಅಡ್ಡಬಾರದ ಕಾರಣ, ಮೂಳೆ ಕೂಡಿಕೊಂಡಿತೇ ಎಂಬುದನ್ನು ವೈದ್ಯರು ನೋಡಬಲ್ಲರು. ಮೂಳೆ ಅದಕ್ಕೆ ಸುಲಭವಾಗಿ ಅಂಟಿಕೊಳ್ಳದೆಂಬ ಕೊರತೆಯೂ ಇದೆ.

ಇದರ ಬೆಲೆ ಸಾಮಾನ್ಯ ಪ್ಲಾಸ್ಟಿಕ್‌ನ ಹತ್ತಾರು ಪಟ್ಟು. ತೊಡಕಿರುವುದು ಇಲ್ಲಿಯೇ. ಸರ್ಕಾರಿ ಸೇವೆಯಲ್ಲಿ ನಾನು ಕಂಡ ಟೆಂಡರುಗಳಲ್ಲಿ ‘ಕನಿಷ್ಠ ದರ’ವೇ ಅಂತಿಮ ಪ್ರಮಾಣ. ತುಲನಾತ್ಮಕ ಪಟ್ಟಿಯಲ್ಲಿ ಬಿಡಿಭಾಗದ ಬೆಲೆಗೊಂದು ಕಾಲಂ ಇರುತ್ತಿತ್ತು. ಅದರ ಬಾಳಿಕೆಗೆ ಇರುತ್ತಿರಲಿಲ್ಲ. ಅಗ್ಗದ ಸೀಲು ಒಡೆದು ಯಂತ್ರ ನಿಂತಾಗ ಆಗುವ ನಷ್ಟ ಬೇರೊಂದು ಲೆಕ್ಕಶೀರ್ಷಿಕೆಗೆ ಸೇರುತ್ತದೆ. ಹೀಗಾಗಿ ಆ ನಷ್ಟಕ್ಕೆ ಯಾರೂ ಹೊಣೆಯಲ್ಲ.

ಈ ವಸ್ತುವಿನ ತಯಾರಿಕೆ ನಮಗೆ ಅಸಾಧ್ಯವೇನಲ್ಲ. ಘರ್ಡಾ ಕೆಮಿಕಲ್ಸ್ ಸ್ವಂತ ತಂತ್ರಜ್ಞಾನದಿಂದ ಗುಜರಾತಿನ ಪನೋಲಿಯಲ್ಲಿ ಪೀಕ್ ತಯಾರಿಸಿತು. 2006ರ ಹೊತ್ತಿಗೆ ಆ ವ್ಯವಹಾರ ಬೆಲ್ಜಿಯಂನ ಸಾಲ್ವೇ ಕಂಪೆನಿಯ ಕೈಸೇರಿತ್ತು. 2023ರ ಡಿಸೆಂಬರಿನಲ್ಲಿ ಸಾಲ್ವೇ ಇಬ್ಭಾಗವಾದಾಗ ಅದು ಸೈಯೆನ್ಸ್‌ಕೊ ಪಾಲಿಗೆ ಬಂತು. ಜ್ಞಾನ ನಮ್ಮದು, ಒಡೆತನ ಪರರದು.

ಎಲ್ಲೆಡೆ ಪೀಕ್ ಬಳಸಬೇಕೆಂಬುದು ನನ್ನ ವಾದವಲ್ಲ. ಬಕೆಟ್ಟಿಗೆ ಅದು ದುಂದುವೆಚ್ಚವೇ ಸರಿ. ಆದರೆ ಬಾಳಿಕೆಗೆ ಬೆಲೆ ಕೊಡುವ ಕೊಳ್ಳುಗರಿಲ್ಲದ ದೇಶದಲ್ಲಿ ಉತ್ಕೃಷ್ಟ ವಸ್ತುಗಳನ್ನು ತಯಾರಿಸುವವರು ನೆಲೆಯೂರುವುದು ಕಷ್ಟ. ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಲು ಹೊಸ ಕಾರ್ಖಾನೆಯೇನೂ ಬೇಕಿಲ್ಲ.