ಚಿಗರಿ, ನರಿ ಮತ್ತು ಕಾಣದ ತೋಳ

ಕಡಲೆ ಗೇಣುದ್ದ ಬೆಳೆಯಿತೆಂದರೆ ಬೀದರ ಜಿಲ್ಲೆಯ ರೈತನಿಗೆ ಚಿಗರಿಯ ಚಿಂತೆ ಶುರು. ಹುಡಗಿ, ಹುಮನಾಬಾದ್, ಬಸವಕಲ್ಯಾಣದ ಕಡೆ ಯಾವ ಕಟ್ಟೆಯ ಮೇಲೆ ಕುಳಿತರೂ ಈ ಮಾತು ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: ಕಬ್ಬಿನ ಹೊಲದಲ್ಲಿ ನರಿ ಸೇರಿಕೊಂಡಿದೆ, ಅದನ್ನೂ ಓಡಿಸಬೇಕು. ಎರಡೂ ದೂರು ಒಂದೇ ಬಾಯಿಂದ ಬರುವುದು ಸೋಜಿಗ. ಚಿಗರಿಯ ಮರಿಯನ್ನು ತಿನ್ನುವವರಲ್ಲಿ ಈ ನರಿಯೂ ಒಬ್ಬ!

ಚಿಗರಿ ಎಂದರೆ ಕೃಷ್ಣಮೃಗ. ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ. ಹುಟ್ಟಿದ ಮೊದಲ ಕೆಲವು ದಿನ ಮರಿ ತಾಯಿಯ ಹಿಂದೆ ಓಡುವುದಿಲ್ಲ, ಹುಲ್ಲಿನಲ್ಲಿ ಮಿಸುಕದೆ ಮಲಗಿರುತ್ತದೆ. ತಾಯಿ ದೂರದಲ್ಲಿ ಮೇಯುತ್ತ ಹಾಲೂಡಿಸಲು ಮಾತ್ರ ಬರುತ್ತದೆ. ನರಿಗೆ ಅವಕಾಶ ಸಿಗುವುದು ಆಗಲೇ. ಬೆಳೆದ ಚಿಗರಿಯನ್ನು ಓಡಿ ಹಿಡಿಯುವುದು ಎಂಟು-ಹತ್ತು ಕಿಲೋ ತೂಕದ ನರಿಯ ಕೈಲಾಗದ ಕೆಲಸ. ಅದರ ದಿನದ ಊಟ ಇಲಿ, ಹೆಗ್ಗಣ, ಬಾರೆಹಣ್ಣು, ಸತ್ತ ದನ. ಇಲಿಯ ಲೆಕ್ಕ ಹಿಡಿದರೆ ನರಿ ರೈತನ ಕೂಲಿಯಿಲ್ಲದ ಆಳು.

ಬೆಳೆದ ಚಿಗರಿಯನ್ನು ಬೇಟೆಯಾಡುವವನು ತೋಳ. ಒಂದು ಅಟ್ಟಿಸಿಕೊಂಡು ಬಂದರೆ ಇನ್ನೊಂದು ಹೊಂಚಿ ಕೂರುತ್ತದೆ. ಆದರೆ ಇಂದಿನ ಮಕ್ಕಳಲ್ಲಿ ತೋಳ ಕಂಡವರೆಷ್ಟು? ಬ್ರಿಟಿಷ್ ಆಡಳಿತದ ಕಾಲದಲ್ಲಿ, 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ, ಬಹುಮಾನದ ಆಸೆಗೆ ಭಾರತದಲ್ಲಿ ಎರಡು ಲಕ್ಷ ತೋಳ ಕೊಂದರೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಈಗ ದೇಶದಲ್ಲಿ ಉಳಿದಿರುವುದು ಸುಮಾರು 3,000.

ದೊಡ್ಡ ಬೇಟೆಗಾರ ಹೋದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಯೆಲ್ಲೋಸ್ಟೋನ್ ಒಳ್ಳೆಯ ಪಾಠ. ಅಲ್ಲಿ 1926ರ ಹೊತ್ತಿಗೆ ತೋಳ ನಿರ್ನಾಮವಾಯಿತು. ನಮ್ಮ ನರಿಯ ದಾಯಾದಿಯಾದ ಕಯೋಟಿ ಎಂಬ ಪ್ರಾಣಿಗೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಚಿಗರಿಯನ್ನು ಹೋಲುವ ಪ್ರಾಂಗ್‌ಹಾರ್ನ್‌ನ ಮರಿಗಳು ಅದರ ಬಾಯಿಗೆ ಬೀಳತೊಡಗಿದವು. 1995 ಮತ್ತು 1996ರಲ್ಲಿ ಕೆನಡಾದಿಂದ ತೋಳಗಳನ್ನು ತಂದು ಬಿಟ್ಟರು. ತೋಳ ಕಯೋಟಿಯನ್ನು ಕೊಂದಿತು, ಓಡಿಸಿತು. ಪಕ್ಕದ ಗ್ರ್ಯಾಂಡ್ ಟೀಟನ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೋಳ ಹೆಚ್ಚಾಗಿದ್ದ ಕಡೆ ಪ್ರಾಂಗ್‌ಹಾರ್ನ್ ಮರಿಗಳು ಬದುಕುಳಿದದ್ದು ನಾಲ್ಕು ಪಟ್ಟು. ಬಂದೂಕಿನಿಂದ ಈ ಕೆಲಸ ಆಗಿರಲಿಲ್ಲ. ಕಯೋಟಿಯನ್ನು ಎಷ್ಟೇ ಕೊಂದರೂ ಖಾಲಿಯಾದ ಜಾಗಕ್ಕೆ ಹೊಸದು ಬಂದು ಸೇರುತ್ತಿತ್ತು.

ಹಾಗೆಂದು ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಎತ್ತಿಟ್ಟರೆ ತಪ್ಪಾದೀತು. ಯೆಲ್ಲೋಸ್ಟೋನ್ ಕಾಯ್ದಿಟ್ಟ ಕಾಡು, ನಮ್ಮದು ಉಳುವ ಹೊಲ. ಬೀಳು ಭೂಮಿ, ಹುಲ್ಲುಗಾವಲು ಕರಗಿದಷ್ಟೂ ಚಿಗರಿ ಬೆಳೆಗೇ ಬಾಯಿ ಹಾಕುತ್ತದೆ. ತೋಳಕ್ಕೆ ಮರಿ ಹಾಕಲು ಹಳ್ಳದ ದಂಡೆಯೂ ಉಳಿಯುವುದಿಲ್ಲ. ತೋಳ ಬಿಟ್ಟ ಜಾಗಕ್ಕೆ ನಮ್ಮಲ್ಲಿ ಬರುತ್ತಿರುವುದು ಬೀದಿನಾಯಿ. ಅದು ಚಿಗರಿಯನ್ನೂ ಅಟ್ಟುತ್ತದೆ, ಕುರಿಯನ್ನೂ ಬಿಡುವುದಿಲ್ಲ, ತೋಳ-ನರಿಗಳಿಗೆ ರೋಗವನ್ನೂ ಹಚ್ಚುತ್ತದೆ. ಪುಣೆ ಜಿಲ್ಲೆಯಲ್ಲಂತೂ ತೋಳ ಮತ್ತು ನಾಯಿಯ ಬೆರಕೆಯೂ ಪತ್ತೆಯಾಗಿದೆ.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಕುರುಚಲು ಭೂಮಿಯನ್ನು ತೋಳಕ್ಕೆಂದೇ ಕಾಯ್ದಿಟ್ಟಿದ್ದಾರೆ. ಬೀದರಿನಲ್ಲಿ ಅಂಥದ್ದಿಲ್ಲ. 1972ರ ವನ್ಯಜೀವಿ ಕಾಯ್ದೆ ಚಿಗರಿ, ನರಿ, ತೋಳ ಮೂರನ್ನೂ ಕಾಯುತ್ತದೆ, ವಿಷವಿಟ್ಟರೆ ಅಪರಾಧ. ವನ್ಯಪ್ರಾಣಿಗಳಿಂದ ಬೆಳೆ ಹಾಳಾದರೆ, ಕುರಿ ಸತ್ತರೆ, ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಬಹುದು. ಚಳಿಗಾಲದಲ್ಲಿ ಹಳ್ಳದ ದಂಡೆಯ ಬಿಲದಲ್ಲಿ ಮರಿಗಳು ಕಂಡರೆ ಮಕ್ಕಳು ಎತ್ತಿಕೊಂಡು ಬರಬಾರದು. ತಾಯಿ ಅಲ್ಲೇ ಎಲ್ಲೋ ಇರುತ್ತದೆ.